ನಡುಹಗಲಲ್ಲಿ ಕೊಡೆ ಮಡಚಿದವನು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ಈ ಗಾದೆಯನ್ನು ಯಾರೂ ನನ್ನ ಮುಖಕ್ಕೆ ಹೇಳಿಲ್ಲ, ನಮ್ಮವರು ಮರ್ಯಾದಸ್ಥರು. ಆದರೆ ಕಾರು ನಿಲ್ಲಿಸಿ ಇಳಿಯುವಾಗ ಎದುರಿಗಿದ್ದವರ ಕಣ್ಣಲ್ಲಿ ಎಷ್ಟೋ ಸಲ ಅದನ್ನು ಓದಿಕೊಂಡಿದ್ದೇನೆ. ಇಳಿಯುವಾಗ ಅನ್ನುವುದೂ ತಪ್ಪೇ. ನನ್ನ ಕಾರಿನಿಂದ ಯಾರೂ ಇಳಿಯುವುದಿಲ್ಲ, ನೆಲದಿಂದ ಏಳುತ್ತಾರೆ. ಊರಿನಿಂದ ಬಂದಿದ್ದ ಅಮ್ಮ ಮೊದಲ ದಿನ ಅದರ ಬಾಗಿಲ ಬಳಿ ನಿಂತು, "ಇದಕ್ಕೆ ಹತ್ತೋದೋ ಇಳಿಯೋದೋ?" ಎಂದು ಕೇಳಿದ್ದಳು.

ನಮ್ಮ ಮನೆ ಇರುವುದು ಪರ್ತ್‌ನ ಆಗ್ನೇಯಕ್ಕೆ, ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿ. ಹೆಸರಿಗೆ ತಕ್ಕಂತೆ ಹೊಳೆಯೂ ಒಂದಿದೆ, ಕ್ಯಾನಿಂಗ್ ನದಿಗೆ ಹೋಗಿ ಸೇರುತ್ತದೆ. ಶರಾವತಿ, ತುಂಗೆಯನ್ನು ಕಂಡವರು ಅದನ್ನು ಹೊಳೆ ಎನ್ನುವ ಮೊದಲು ಸ್ವಲ್ಪ ಯೋಚಿಸುತ್ತಾರೆ. ಮರಳು ನೆಲದ ಮೇಲೆ ಎದ್ದ ಹೊಸ ಮನೆಗಳು, ಪ್ರತಿ ಮನೆಗೂ ಎರಡು ಕಾರಿನ ಗ್ಯಾರೇಜು. ಗ್ಯಾರೇಜಿನ ತುಂಬ ಅಕ್ಕಿ ಚೀಲ, ಸೂಟ್‌ಕೇಸು, ಮಕ್ಕಳ ಹಳೆ ಸೈಕಲ್ಲು. ಹಾಗಾಗಿ ಕಾರುಗಳು ಹೊರಗೆ. ಸಂಜೆ ವಾಕಿಂಗ್ ಹೊರಟರೆ ಸಾಲಾಗಿ ಲ್ಯಾಂಡ್‌ಕ್ರೂಸರ್, ಪ್ರಾಡೊ, ರೇಂಜರ್, ಹೈಲಕ್ಸ್. ಜಾತ್ರೆಯಲ್ಲಿ ಆನೆ ಕಟ್ಟಿದ ಹಾಗೆ ಕಾಣುತ್ತದೆ. ಆ ಸಾಲಿನಲ್ಲಿ ಒಂದು ಕಡೆ, ಎರಡು ಆನೆಗಳ ನಡುವೆ, ನಾಲ್ಕಡಿ ಎತ್ತರದ ನನ್ನ ಹಳೆಯ ಲೋಟಸ್ ಎಲಿಸ್.

ಮಾಡು ತೆಗೆಯಬಹುದಾದ, ಎರಡೇ ಸೀಟಿನ, ಇಂಗ್ಲೆಂಡಿನ ಹೆಥೆಲ್ ಎಂಬ ಹಳ್ಳಿಯ ಬಳಿ 1996ರಿಂದ 2021ರವರೆಗೆ ತಯಾರಾದ ಕಾರು ಇದು. ನಮ್ಮ ಕಡೆಯವರು ಇದನ್ನು ನೋಡಿ ಕೇಳುವ ಪ್ರಶ್ನೆಗಳು ಮೂರು, ಮೂರರಲ್ಲೂ 'ಎಷ್ಟು' ಇರುತ್ತದೆ. ಎಷ್ಟಾಯ್ತು? ಎಷ್ಟು ಕೊಡುತ್ತೆ? ಹಿಂದೆ ಎಷ್ಟು ಜನ ಕೂರಬಹುದು? ಹಿಂದೆ ಎಂಜಿನ್ ಕೂತಿದೆ ಎನ್ನುತ್ತೇನೆ. ಆಮೇಲೆ ಒಂದು ಸಣ್ಣ ಮೌನ, ಒಂದು ನಗು. ಮನೆಗೆ ಹೋದ ಮೇಲೆ ಅವರು ಆಡುವ ಮಾತೂ ನನಗೆ ಗೊತ್ತು, ಏಕೆಂದರೆ ಬೇರೆಯವರ ವಿಷಯದಲ್ಲಿ ಅದನ್ನು ನಾನೂ ಆಡಿದವನೇ: "ಶೋಕಿ, ಇನ್ನೇನು."

ಈ ತೀರ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮೇಲ್ಮನವಿ ಮಾತ್ರ ಇದೆ.

ಮೊದಲು ತೂಕದ ವಿಚಾರ. ಮೊದಲ ಮಾದರಿಯ ಎಲಿಸ್‌ನ ತೂಕ 725 ಕಿಲೋ ಆಸುಪಾಸು. ಅದರ ತಳಕಟ್ಟು ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟಿನಿಂದ ಕೂಡಿಸಿದ್ದು. ಎಪ್ಪತ್ತು ಕಿಲೋ ಒಳಗೆ, ಅಂದರೆ ಹದವಾದ ಮೈಕಟ್ಟಿನ ಒಬ್ಬ ಗಂಡಸಿನ ತೂಕ. ("ಅಂಟು ಹಾಕಿದ ಕಾರಾ?" ಎಂದು ನನ್ನ ಹೆಂಡತಿ ಕೇಳಿದಾಗ ನಾನು ವಿಷಯ ಬದಲಾಯಿಸಿದ್ದೆ.) ಲೋಟಸ್ ಕಂಪನಿಯನ್ನು ಕಟ್ಟಿದ ಕಾಲಿನ್ ಚ್ಯಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನು. ಕಾರು ಓಡಬೇಕಾದರೆ ಎಂಜಿನ್ ಹಿಗ್ಗಿಸಬೇಡ, ಮೈ ಇಳಿಸು ಎಂಬುದು ಅವನ ಹಟ. ಅವನು ತೀರಿಕೊಂಡದ್ದು 1982ರಲ್ಲಿ, ಆದರೂ ಈ ಕಾರಿನಲ್ಲಿ ಆ ಹಟ ಉಳಿದಿದೆ. ಪವರ್ ಸ್ಟೀರಿಂಗ್ ಇಲ್ಲ, ನೆಲಕ್ಕೆ ಹೇಳಿಕೊಳ್ಳುವಂಥ ಹಾಸಿಲ್ಲ. ಎಂಜಿನ್ 1.8 ಲೀಟರಿನದು, 120 ಅಶ್ವಶಕ್ತಿಗೂ ತುಸು ಕಡಿಮೆ. ಇವತ್ತಿನ ಟೊಯೋಟಾ ಕೊರೊಲಾ ಇದಕ್ಕಿಂತ ಬಲವಾದದ್ದು.

ಈಗ ನಮ್ಮಪ್ಪನ ಕಾರಿನ ತೂಕ ಹೇಳುತ್ತೇನೆ. ಮಾರುತಿ 800, ಸುಮಾರು 650 ಕಿಲೋ. ಅದರಲ್ಲಿ ಅಪ್ಪ, ಅಮ್ಮ, ನಾವು ಮೂವರು, ಅಜ್ಜಿ, ಅಜ್ಜಿಯ ತೊಡೆಯ ಮೇಲೊಂದು ಹಲಸಿನ ಹಣ್ಣು, ಹೀಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೇವೆ. ಆ ಕಾರನ್ನು ಯಾರೂ ಆಟಿಕೆ ಎನ್ನಲಿಲ್ಲ. ಒಂದು ತಲೆಮಾರಿನ ಮಧ್ಯಮವರ್ಗ ಇಡೀ ಮುಕ್ಕಾಲು ಟನ್ನಿಗೂ ಕಡಿಮೆ ತೂಕದ ಕಾರಿನಲ್ಲಿ ಮದುವೆ, ಮುಂಜಿ, ಆಸ್ಪತ್ರೆ, ತಿರುಪತಿ ಎಲ್ಲವನ್ನೂ ಮುಗಿಸಿತು. ಅದೇ ತಲೆಮಾರಿನ ಮಕ್ಕಳು ಇಲ್ಲಿಗೆ ಬಂದು, ಎರಡೂವರೆ ಟನ್ನಿನ ಗಾಡಿ ಇಲ್ಲದೆ ಎರಡು ಮಕ್ಕಳನ್ನು ಈಜು ತರಗತಿಗೆ ಬಿಡುವುದು ಹೇಗೆ ಎಂದು ಕೇಳುತ್ತೇವೆ. ತೂಕದ ಲೆಕ್ಕದಲ್ಲಿ ನನ್ನ ಕಾರು ಅಪ್ಪನ ಕಾರಿನ ಸಂತಾನ. ಕುಲಗೆಟ್ಟವರು ಯಾರು ಎಂಬುದು ಬೇರೆ ಪ್ರಶ್ನೆ.

ಹುಬ್ಬಳ್ಳಿ ಕಡೆಯ ನನ್ನ ಗೆಳೆಯರೊಬ್ಬರಿದ್ದಾರೆ. ಮೊದಲ ಸಲ ಕಾರು ನೋಡಿದಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ರೀ ಇದು, ಹುಡುಗ್ರ ಆಟಿಗಿ ಇದ್ದಂಗ ಐತಲ್ರೀ!" ಎಂದರು. ಅವರದು ಲ್ಯಾಂಡ್‌ಕ್ರೂಸರ್. ಎಂಜಿನ್ನಿಗೆ ಉಸಿರು ಒದಗಿಸಲು ಆನೆಯ ಸೊಂಡಿಲಿನ ಹಾಗೆ ಒಂದು ಕೊಳವೆ ಬಾನೆಟ್ಟಿನ ಪಕ್ಕದಿಂದ ಮಾಡಿನವರೆಗೆ ಎದ್ದಿದೆ. ಸ್ನಾರ್ಕೆಲ್ ಎನ್ನುತ್ತಾರೆ, ಹೊಳೆ ದಾಟುವಾಗ ನೀರು ಒಳಗೆ ಹೋಗಬಾರದೆಂದು. ಆ ಗಾಡಿ ಇಲ್ಲಿಯವರೆಗೆ ಕಂಡಿರುವ ಪ್ರವಾಹವೆಂದರೆ ಕಾರ್ ವಾಷ್‌ನದು. ಹಿಂದೆ ಟ್ರೇಲರ್ ಕಟ್ಟುವ ಗುಂಡಿಗೆ ಅಂಗಡಿಯವರು ತೊಡಿಸಿದ ಪ್ಲಾಸ್ಟಿಕ್ ಟೊಪ್ಪಿ ಇನ್ನೂ ಹಾಗೇ ಇದೆ. ಇದನ್ನು ಅವರ ಎದುರಿಗೇ ಹೇಳಿದ್ದೇನೆ, ಅವರೂ ನಕ್ಕಿದ್ದಾರೆ. ಅವರ ಉತ್ತರ ಒಂದೇ: "ಇರ್ಲಿ ಬಿಡ್ರೀ, ಬೇಕಾದಾಗ ಬೇಕಾಗ್ತೈತಿ."

ಬೇಕಾದಾಗ ಬೇಕಾಗುತ್ತದೆ. ನನ್ನ ತಕರಾರು ಇರುವುದು ಈ ಮಾತಿನ ಜೊತೆಗೇ. ಮುಂದೆ ಕಾರು, ಹಿಂದೆ ಸರಕಿನ ತೊಟ್ಟಿ ಇರುವ ಆಸ್ಟ್ರೇಲಿಯಾದ ಯೂಟ್ ಎಂಬ ಗಾಡಿಗೆ ಒಂದು ಹುಟ್ಟಿನ ಕತೆಯಿದೆ. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲು ಒಂದೇ ಗಾಡಿ ಸಾಕಾಗುವಂತೆ ಮಾಡಿಕೊಡಿ ಎಂದು ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಪತ್ರ ಬರೆದಳಂತೆ. ಗೀಲಾಂಗ್‌ನಲ್ಲಿದ್ದ ಲೂ ಬ್ಯಾಂಟ್ ಎಂಬ ತರುಣ ಅದನ್ನು ರೂಪಿಸಿದ, 1934ರಲ್ಲಿ ಗಾಡಿ ಹೊರಬಂತು. ಪತ್ರದ ಕತೆ ಎಷ್ಟು ಸಲ ಹೊಳಪಾಗಿದೆಯೋ, ಆದರೆ ಅಲ್ಲಿ ಹಂದಿಯಂತೂ ಇತ್ತು. ಈಗ ಯೂಟ್ ಉಳಿದಿದೆ, ಹಂದಿ ಹೋಗಿದೆ, ಹಿಂದಿನ ತೊಟ್ಟಿಯಲ್ಲಿ ಒಂದು ಸ್ಕೂಲ್ ಬ್ಯಾಗು ಆ ಕಡೆಯಿಂದ ಈ ಕಡೆಗೆ ಉರುಳುತ್ತಿದೆ. 2023ರಲ್ಲಿ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಹೊಸ ಗಾಡಿಗಳ ಪಟ್ಟಿಯಲ್ಲಿ ಮೊದಲೆರಡು ಸ್ಥಾನ ರೇಂಜರ್ ಮತ್ತು ಹೈಲಕ್ಸ್ ಎಂಬ ಯೂಟ್‌ಗಳದು. ಅವುಗಳ ಒಡೆಯರಲ್ಲಿ ಇಟ್ಟಿಗೆ, ಮರ, ಪೈಪು ಸಾಗಿಸುವವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಉಳಿದವರನ್ನು ಮಾತ್ರ ಯಾರೂ 'ಇದರಿಂದ ಏನು ಉಪಯೋಗ' ಎಂದು ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ವಸ್ತು ಲೆಕ್ಕ ಒಪ್ಪಿಸಬೇಕಾಗಿಲ್ಲ. ಒಬ್ಬನ ಮನೆಯಲ್ಲಿ ಮಾತ್ರ ಇರುವುದು ದಿನಾ ಕಟಕಟೆಗೆ ಹತ್ತಬೇಕು. ನಾವು ಉಪಯೋಗ ಎನ್ನುವುದರಲ್ಲಿ ಅರ್ಧಕ್ಕರ್ಧ ರೂಢಿಯೇ ಇದೆ ಎಂಬುದು ನನ್ನ ಗುಮಾನಿ.

ಶೋಕಿಯ ಲಕ್ಷಣವೇನು? ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು, ಮತ್ತು ಅದು ಕಾಣುವಂತೆ ಇಟ್ಟುಕೊಳ್ಳುವುದು. ಎರಡನೆಯ ತಪ್ಪನ್ನು ಒಪ್ಪುತ್ತೇನೆ. ಆದರೆ ಮೊದಲನೆಯದು ಯಾರದು? ಗಾದೆಯ ಅಲ್ಪ ಅರ್ಧರಾತ್ರಿಯಲ್ಲಿ ಕೊಡೆ ಬಿಚ್ಚಿದ. ನಾನು ನಡುಹಗಲಲ್ಲಿ ಕೊಡೆ ಮಡಚಿದವನು. ಪರ್ತ್‌ನ ಬೇಸಿಗೆಯಲ್ಲಿ ಇದಕ್ಕಿಂತ ದಡ್ಡ ಕೆಲಸ ಇನ್ನೊಂದಿಲ್ಲ. ನಲವತ್ತು ಡಿಗ್ರಿಯಲ್ಲಿ ಮಾಡು ತೆಗೆದು ಹೊರಟರೆ ಕಲಬುರಗಿಯವರೂ ಕೈಮುಗಿಯುತ್ತಾರೆ. ಮಾಡಿಲ್ಲದ ಕಾರು ಬಿಸಿಲು ಕಂಡರೆ ಹಬ್ಬ ಮಾಡುವ ಇಂಗ್ಲೆಂಡಿನವರ ಹಂಬಲದಿಂದ ಹುಟ್ಟಿದ್ದು, ನಮ್ಮಂಥ ಬಿಸಿಲುಂಡವರಿಗಲ್ಲ. ಮಧ್ಯಾಹ್ನ ಕಳೆದು, ಕಡಲ ಕಡೆಯಿಂದ ಇಲ್ಲಿಯವರು ಫ್ರೀಮ್ಯಾಂಟಲ್ ಡಾಕ್ಟರ್ ಎಂದು ಕರೆಯುವ ತಂಗಾಳಿ ಬೀಸಿದ ಮೇಲೆ ನಾನು ಕೀಲಿಕೈ ತೆಗೆಯುವುದು. ಆಗಲೂ ತಲೆಗೆ ಟೊಪ್ಪಿ.

ಇಲ್ಲಿಯ ಸರ್ಕಾರಕ್ಕೆ ತೂಕದ ಬೆಲೆ ಗೊತ್ತಿದೆ. ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಕಾರಿನ ಲೈಸೆನ್ಸ್ ಶುಲ್ಕವನ್ನು ನೂರು ಕಿಲೋಗೆ ಇಷ್ಟು ಎಂದು ಎಣಿಸುತ್ತಾರೆ, ಸಂತೆಯಲ್ಲಿ ಈರುಳ್ಳಿ ತೂಗಿದ ಹಾಗೆ. ಇದರ ಹಿಂದೆ ತರ್ಕವೂ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆ ಹಾಕಿ, ಹಗಲೂ ರಾತ್ರಿ ಲಾರಿ ಓಡಿಸಿ ನೋಡಿದರು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಹತ್ತಿರಹತ್ತಿರ ಹದಿನಾರು ಪಟ್ಟಾಗುತ್ತದೆ ಎಂಬುದು ಅದರಿಂದ ಬಂದ ಅಂದಾಜು. ಆ ಲೆಕ್ಕ ಹಿಡಿದರೆ ಎರಡೂವರೆ ಟನ್ನಿನ ಗಾಡಿ ನನ್ನದಕ್ಕಿಂತ ನೂರು ಪಟ್ಟಿಗೂ ಹೆಚ್ಚು ರಸ್ತೆ ತಿನ್ನುತ್ತದೆ. ಇಲ್ಲಿ ನಾನು ಗೆದ್ದೆ ಎಂದು ಬೀಗಬಹುದಿತ್ತು, ಆದರೆ ನಿಜ ಹೇಳಬೇಕಲ್ಲ: ರ‍್ಯಾನ್‌ಫರ್ಡ್ ರಸ್ತೆಯಲ್ಲಿ ಓಡುವ ಒಂದು ಮರಳಿನ ಲಾರಿಯ ಮುಂದೆ ಲ್ಯಾಂಡ್‌ಕ್ರೂಸರೂ ಸೊಳ್ಳೆ, ನಾನೂ ಸೊಳ್ಳೆ.

ಇನ್ನು ಸುರಕ್ಷತೆ. ಇದು ಗಟ್ಟಿಯಾದ ಆಕ್ಷೇಪ, ತಳ್ಳಿಹಾಕುವಂಥದಲ್ಲ. ಹಗುರದ್ದೂ ಭಾರದ್ದೂ ಡಿಕ್ಕಿಯಾದರೆ ಪೆಟ್ಟು ತಿನ್ನುವುದು ಹಗುರವಾದದ್ದರ ಒಳಗೆ ಕೂತವನೇ. ಆದ್ದರಿಂದ ಮಗಳನ್ನು ಹೆದ್ದಾರಿಗೆ ಈ ಕಾರಿನಲ್ಲಿ ಕರೆದೊಯ್ಯುವುದಿಲ್ಲ. ಆದರೆ ಆ ವಾದವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿ. ನಮ್ಮೂರ ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ನೋಡುವಾಗ ಮುಂದಿನವನು ಎದ್ದು ನಿಂತರೆ ಹಿಂದಿನವನೂ ಏಳಬೇಕು, ಅವನ ಹಿಂದಿನವನು ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಕೊನೆಗೆ ಎಲ್ಲರೂ ನಿಂತಿರುತ್ತಾರೆ, ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣಿಸುವುದಿಲ್ಲ, ಕಾಲು ನೋವು ಮಾತ್ರ ಲಾಭ. ನನ್ನ ಗೆಳೆಯರು ಎತ್ತರದ ಗಾಡಿ ಕೊಂಡದ್ದು ಹೆದರಿಕೆಯಿಂದ. ಎದುರಿನವರೆಲ್ಲ ಎತ್ತರದ ಗಾಡಿ ಕೊಂಡಿದ್ದಾರೆ ಎಂಬ ಹೆದರಿಕೆ. ಮೊದಲು ಎದ್ದವನು ಯಾರೋ, ಅವನನ್ನು ಹುಡುಕಿ ಕೂರಿಸುವುದು ಈಗ ಆಗದ ಮಾತು. ಕೂತೇ ನೋಡುತ್ತೇನೆ ಎನ್ನುವ ಒಬ್ಬನನ್ನಾದರೂ ಶೋಕೀಲಾಲ ಎನ್ನಬೇಡಿ, ಬೇಕಾದರೆ ಮೂರ್ಖ ಎನ್ನಿ.

ಹಗುರವಾದ ಕಾರಿನ ಬಗ್ಗೆ ನಮ್ಮವರ ತಾತ್ಸಾರ ಪರ್ತ್‌ಗೆ ಬಂದ ಮೇಲೆ ಹುಟ್ಟಿದ್ದಲ್ಲ. ಬೆಂಗಳೂರಿನಲ್ಲಿ ಇಂಥ ಕಾರು ಕಟ್ಟುವ ಒಂದು ಪರಂಪರೆಯೇ ಇತ್ತು ಎಂಬುದು ಎಷ್ಟು ಜನರಿಗೆ ನೆನಪಿದೆ? ಸಿಪಾನಿ ಕಂಪನಿಯ ಡಾಲ್ಫಿನ್ 1980ರ ದಶಕದ ಮೊದಲಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್‌ನ ಅಚ್ಚು, ಎರಡೇ ಬಾಗಿಲು, ಫೈಬರ್ ಮೈ. ರೇಸಿನ ಹುಡುಗರಿಗೆ ಅದರ ಹಗುರತನವೇ ವರವಾಯಿತು, ಸಂಸಾರಸ್ಥರಿಗೆ ಅದೇ ಅನುಮಾನ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಅದರ ಕತೆ ಮುಗಿಯಿತು. 1998ರಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಹೊರತಂದ ಸ್ಟಾರ್ಮ್ ಅಂತೂ ಅಪ್ಪಟ ಕನ್ವರ್ಟಿಬಲ್: ಎರಡು ಸೀಟು, ಫೈಬರ್ ಮೈ, 1.2 ಲೀಟರಿನ ರೆನೋ ಎಂಜಿನ್. ಕಾಲೇಜಿನ ದಿನಗಳಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಒಂದನ್ನು ನೋಡಿದ್ದೆ. ಸುತ್ತ ಹತ್ತು ಹುಡುಗರು ನೆರೆದಿದ್ದೆವು. "ಫಾರಿನ್ನಾ ಸಾರ್?" ಎಂದು ಯಾರೋ ಕೇಳಿದರು. "ಇಲ್ಲಪ್ಪ, ನಮ್ಮ ಬೆಂಗಳೂರಿಂದೇ" ಎಂದರು ಒಡೆಯರು, ಹೆಮ್ಮೆಯಿಂದಲೇ. ಗುಂಪು ಕರಗಿತು. ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. 2001ರಲ್ಲಿ ಬಂದ ರೇವಾ ಕೂಡ ಬೆಂಗಳೂರಿನದೇ, ಅದನ್ನು ನೋಡಿ ನಗದವರು ಅಪರೂಪ. ಈಗ ಬ್ಯಾಟರಿ ಕಾರಿನ ಮಾತು ಬಂದರೆ ಎಲ್ಲರೂ ಗಂಭೀರ.

ಇಷ್ಟೆಲ್ಲ ವಾದಿಸಿದ ಮೇಲೆ ನನ್ನ ಕಡೆಯ ಹುಳುಕನ್ನೂ ತೆಗೆದಿಡಬೇಕು. ಮನೆಯಲ್ಲಿ ಒಂದು ಕೊರೊಲಾ ಇದೆ. ಮಳೆ, ಮಗಳು, ಅಕ್ಕಿ ಚೀಲ, ಏರ್‌ಪೋರ್ಟ್ ಎಲ್ಲವನ್ನೂ ಹೊರುವುದು ಅದು. ಎತ್ತಿನಂಥ ಅದು ಇರುವುದರಿಂದಲೇ ನಾನು ಈ ಕರುವನ್ನು ಸಾಕಲು ಸಾಧ್ಯವಾದದ್ದು. ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೂ ಗೆಳೆಯರ ಲ್ಯಾಂಡ್‌ಕ್ರೂಸರಿನ ತೂಕ ಬರುವುದಿಲ್ಲ ಎಂದು ಒಮ್ಮೆ ಲೆಕ್ಕ ಒಪ್ಪಿಸಿದೆ. ಹೆಂಡತಿ ಅಡುಗೆಮನೆಯಿಂದಲೇ, "ಇನ್ಶೂರೆನ್ಸ್ ಎರಡು ಕಟ್ಟೋದು, ಅದನ್ನೂ ತಕ್ಕಡಿಗೆ ಹಾಕಿ" ಎಂದಳು. ಹಾಕಿದೆ. ತಕ್ಕಡಿ ವಾಲಿತು.

ಯಾರು ನೋಡಿದರೂ ನನಗೇನು ಎಂಬ ಮಾತನ್ನೂ ಆಡಲಾರೆ. ಸಿಗ್ನಲ್ಲಿನಲ್ಲಿ ಪಕ್ಕದ ಯೂಟ್‌ನ ಕಿಟಕಿಯಿಂದ ಸಿಮೆಂಟು ಮೆತ್ತಿದ ಕೈ ಹೊರಬಂದು ಹೆಬ್ಬೆಟ್ಟು ಎತ್ತಿದಾಗ, ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡ ಮಗು ಕೈ ಬೀಸಿದಾಗ, ಐವತ್ತರ ಹತ್ತಿರದ ಈ ಗಂಡಸಿಗೆ ಆಗುವ ಖುಷಿಯನ್ನು ವೈಚಾರಿಕ ಎನ್ನಲು ಬಾಯಿ ಬರುವುದಿಲ್ಲ. ಒಂದು ಮಾತ್ರ ಗಮನಿಸಿದ್ದೇನೆ. ಸಿಮೆಂಟಿನ ಕೈಯವನಿಗೆ ಬೆಲೆ ಬೇಡ, ಮೈಲೇಜು ಬೇಡ. ಒಂದು ವಿಚಿತ್ರ ವಸ್ತು ಕಂಡಿತು, ಸಂತೋಷವಾಯಿತು, ದೀಪ ಹಸಿರಾಯಿತು, ಹೋದ. 'ಎಷ್ಟು' ಕೇಳುವ ನಮ್ಮವರಿಗೆ ಮಾತ್ರ ಅದು ನನ್ನ ಸಂಬಳದ ಚೀಟಿ. ಇದರಲ್ಲಿ ಅವರದೂ ತಪ್ಪಿಲ್ಲ. ಒಂದೇ ವಿಮಾನದಲ್ಲಿ, ಒಂದೇ ತೂಕದ ಸೂಟ್‌ಕೇಸು ಹಿಡಿದು ಬಂದವರು ನಾವು. ಒಬ್ಬ ದಾರಿ ತಪ್ಪಿದರೆ ಉಳಿದವರು ತಮ್ಮ ದಾರಿಯನ್ನು ಒಮ್ಮೆ ತಿರುಗಿ ನೋಡಿಕೊಳ್ಳುತ್ತಾರೆ.

ಕಳೆದ ಆಯುಧಪೂಜೆಗೆ ನಾಲ್ಕೈದು ಮನೆಯವರು ಸೇರಿ ಗೆಳೆಯರ ಮನೆಯ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದೆವು. ಲ್ಯಾಂಡ್‌ಕ್ರೂಸರಿನ ಬಾನೆಟ್ಟಿಗೆ ಹೂವಿನ ಹಾರ ಹಾಕಲು ಅವರ ಮಗ ಸ್ಟೂಲ್ ತಂದ. ನನ್ನದಕ್ಕೆ ಅರಿಶಿನ ಹಚ್ಚಲು ಭಟ್ಟರು ಮಂಡಿಯೂರಬೇಕಾಯಿತು. "ಸಾಷ್ಟಾಂಗ ಮಾಡಿಸಿಕೊಳ್ಳುವ ಕಾರು" ಎಂದು ಅವರೇ ನಕ್ಕರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಗೆಳೆಯರು ಪಕ್ಕದಲ್ಲಿ ಕೈಕಟ್ಟಿ ನಿಂತು, "ಇದು ನಿಂಬಿಹಣ್ಣು ಒಡೀತದೇನ್ರೀ, ಇಲ್ಲಾ ಮ್ಯಾಲ ಹತ್ತಿ ಹಂಗ ಇಳಿದುಬಿಡ್ತದೋ?" ಎಂದರು. ಮಕ್ಕಳೆಲ್ಲ ಬಗ್ಗಿ ಚಕ್ರದ ಬಳಿ ಕಣ್ಣಿಟ್ಟರು. ಗೇರ್ ಹಾಕಿ ಕ್ಲಚ್ ಬಿಟ್ಟೆ. ನಾಲ್ಕೂ ಒಡೆದವು, ಒಂದರ ಬೀಜ ಹಾರಿ ಅವರ ಜುಬ್ಬಕ್ಕೆ ಅಂಟಿತು. ಅವರು ಅದನ್ನು ಒರೆಸಿಕೊಳ್ಳುತ್ತಾ ತಮ್ಮ ಗಾಡಿಯ ಕಡೆ ತಿರುಗಿ, "ಭಟ್ರ, ಈ ಸ್ನಾರ್ಕೆಲ್ಲಿಗೂ ಒಂದೀಟ ಕುಂಕುಮ ಹಚ್ರಿ" ಎಂದರು.