ಮನವಿ ಪತ್ರ: ಸಿ ವರ್ಷನ್‌ಗೆ ಸಿ ಕೀ ಹಾಕಿ, ಓಎಂಆರ್ ಹಾಳೆ ತೋರಿಸಿ

ಇವರಿಗೆ,
ಮಾನ್ಯ ಕುಲಪತಿಗಳು ಹಾಗೂ ಸಿಂಡಿಕೇಟ್‌ನ ಗೌರವಾನ್ವಿತ ಸದಸ್ಯರು,
ವಿಶ್ವವಿದ್ಯಾಲಯದ ಆಡಳಿತ ಸೌಧ.

ಇವರಿಂದ,
ಸಂಯೋಜಿತ ಪದವಿ ಕಾಲೇಜುಗಳ ವಿದ್ಯಾರ್ಥಿಗಳು, ಪೋಷಕರು ಮತ್ತು ಅತಿಥಿ ಉಪನ್ಯಾಸಕರು (ಸಹಿಗಳನ್ನು ಲಗತ್ತಿಸಿದೆ).

ವಿಷಯ: ಭಾರತದ ಸಂವಿಧಾನ ಪತ್ರಿಕೆಯ ಬಹು ಆಯ್ಕೆ ಪರೀಕ್ಷೆಯಲ್ಲಿ ಸಿ ವರ್ಷನ್ ಬರೆದವರ ಓಎಂಆರ್ ಹಾಳೆಗಳನ್ನು ಸರಿಯಾದ ಕೀ ಉತ್ತರದೊಂದಿಗೆ ಮತ್ತೆ ಮೌಲ್ಯಮಾಪನ ಮಾಡುವ, ಅಲ್ಲಿಯವರೆಗೆ ಹಾಳೆಗಳ ವಿಲೇವಾರಿಯನ್ನು ತಡೆಯುವ ಹಾಗೂ ಇತರ ಬೇಡಿಕೆಗಳ ಬಗ್ಗೆ.

ಉಲ್ಲೇಖ: ಪ್ರಾಂಶುಪಾಲರ ಮೂಲಕ ಮತ್ತು ನೇರವಾಗಿ ಸಲ್ಲಿಸಿದ ನಮ್ಮ ಹಿಂದಿನ ಮನವಿಗಳು, ಮಾಹಿತಿ ಹಕ್ಕು ಅರ್ಜಿಗಳು ಮತ್ತು ಅವುಗಳಿಗೆ ಬಂದ ಉತ್ತರಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇದೇ ಅಹವಾಲನ್ನು ಹಿಡಿದು ನಾವು ಕಾಲೇಜಿನ ಕಚೇರಿಯಿಂದ ಮೌಲ್ಯಮಾಪನ ಕುಲಸಚಿವರ ಕಚೇರಿಯವರೆಗೆ ಎಲ್ಲ ಬಾಗಿಲನ್ನೂ ತಟ್ಟಿದ್ದೇವೆ. ಟಪಾಲು ವಿಭಾಗದ ಮೊಹರು ಬಿದ್ದ ಪ್ರತಿಗಳು ಅನುಬಂಧ 1ರಲ್ಲಿವೆ. ಕುಲಸಚಿವರ ಕಚೇರಿಯಿಂದ ಬಂದದ್ದು ಒಂದು ಸಾಲಿನ ಉತ್ತರ: "ಓಎಂಆರ್ ಪತ್ರಿಕೆಗಳಿಗೆ ಮರುಎಣಿಕೆ ಹಾಗೂ ಮರುಮೌಲ್ಯಮಾಪನ ಅನ್ವಯಿಸುವುದಿಲ್ಲ." ಅಷ್ಟಕ್ಕೇ ನಾವು ಸುಮ್ಮನಾಗಿ, ಮತ್ತೆ ಶುಲ್ಕ ಕಟ್ಟಿ ಮತ್ತೆ ಬರೆಯಲು ಸಿದ್ಧರಾಗುತ್ತಿದ್ದೆವೇನೋ. ಆದರೆ ಈಗ ಸೂಚನಾ ಫಲಕದಲ್ಲಿ ಹಳೆಯ ಉತ್ತರ ಪತ್ರಿಕೆಗಳನ್ನು ರದ್ದಿಗೆ ಹಾಕಲು ಟೆಂಡರ್ ಕರೆದ ಪ್ರಕಟಣೆ ಅಂಟಿಸಲಾಗಿದೆ (ಅನುಬಂಧ 2). ನಮ್ಮ ಹಾಳೆಗಳೂ ಆ ರಾಶಿಯಲ್ಲಿವೆಯೇ ಎಂದು ವಿಚಾರಿಸಿದರೆ ಯಾರೂ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಆದ್ದರಿಂದಲೇ ಈ ಸಲ ತಮ್ಮನ್ನೂ ಸಿಂಡಿಕೇಟನ್ನೂ ಒಟ್ಟಿಗೆ ಉದ್ದೇಶಿಸಿ ಬರೆಯಬೇಕಾಗಿದೆ.

1. ಸಿ ವರ್ಷನ್ ಬರೆದವರಿಗೆ ಆದ ಅನ್ಯಾಯ

ಪರೀಕ್ಷೆ 60 ಪ್ರಶ್ನೆಗಳದ್ದು, ಪ್ರಶ್ನೆಗೊಂದು ಅಂಕ, ನಾಲ್ಕು ಆಯ್ಕೆ. ನಕಲು ತಡೆಯಲೆಂದು ಅವೇ ಪ್ರಶ್ನೆಗಳನ್ನು ಹಿಂದುಮುಂದಾಗಿಸಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಷನ್ ಮಾಡಲಾಗಿತ್ತು. ಎ, ಬಿ, ಡಿ ಬಂದವರ ಫಲಿತಾಂಶ ಸಹಜವಾಗಿದೆ. ಸಿ ಬಂದವರು ಮಾತ್ರ ಸಾಲಾಗಿ ಅನುತ್ತೀರ್ಣರು. ಒಂದೇ ಕೊಠಡಿಯ ಆಸನ ನಕ್ಷೆಯನ್ನೂ ಫಲಿತಾಂಶದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ (ಅನುಬಂಧ 3) ಸಿ ವರ್ಷನ್ ಕುಳಿತಿದ್ದ ಬೆಂಚುಗಳನ್ನು ಅಂಕ ನೋಡಿಯೇ ಹೇಳಬಹುದು. ತರಗತಿಗೆ ಮೊದಲು ಬರುವ ಹುಡುಗಿಯೂ ವರ್ಷವಿಡೀ ಕಾಲೇಜಿನ ಕಡೆ ತಲೆಹಾಕದ ಹುಡುಗನೂ ಇಬ್ಬರೂ 15ರ ಆಸುಪಾಸಿನಲ್ಲಿದ್ದಾರೆ.

ಈ 15 ಎಂಬ ಅಂಕದ ಮೇಲೆ ತಾವು ದಯವಿಟ್ಟು ಗಮನವಿಡಬೇಕು. ನಾಲ್ಕು ಆಯ್ಕೆಯ 60 ಪ್ರಶ್ನೆಗಳಿಗೆ ಪ್ರಶ್ನೆ ಓದದೆ ಕಣ್ಣು ಮುಚ್ಚಿ ವೃತ್ತ ತುಂಬಿದರೂ ಸರಾಸರಿ ನಾಲ್ಕರಲ್ಲೊಂದು, ಅಂದರೆ 15 ಅಂಕ ಬರುತ್ತದೆ. ಓದಿ ಬರೆದವರ ಉತ್ತರಗಳನ್ನು ಸಂಬಂಧವೇ ಇಲ್ಲದ ಕೀಗೆ ಹಚ್ಚಿ ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಂದು ವರ್ಷನ್‌ನವರೆಲ್ಲ, ಬುದ್ಧಿವಂತರು ದಡ್ಡರೆನ್ನದೆ, ಅದೇ ಅಂಕದ ಸುತ್ತ ನಿಂತಿರುವುದಕ್ಕೆ ಅವರೆಲ್ಲ ಒಟ್ಟಾಗಿ ಸಂವಿಧಾನವನ್ನು ಮರೆತರು ಎಂಬ ವಿವರಣೆಯೂ ಸಾಧ್ಯ. ಕೀ ಅದಲುಬದಲಾಗಿದೆ ಎಂಬ ವಿವರಣೆಯೂ ಸಾಧ್ಯ. ಯಾವುದು ಹೆಚ್ಚು ನಂಬುವಂಥದ್ದೆಂದು ತಮಗೆ ನಾವು ಹೇಳಬೇಕಾಗಿಲ್ಲ.

ಅಲ್ಲಿಗೇ ನಿಲ್ಲದೆ ನಾವು ಇನ್ನೊಂದು ಪರಿಶೀಲನೆ ಮಾಡಿದೆವು. ಪ್ರಶ್ನೆಪುಸ್ತಿಕೆಯನ್ನು ವಿದ್ಯಾರ್ಥಿಗಳು ಮನೆಗೆ ಕೊಂಡೊಯ್ಯಲು ಅವಕಾಶವಿತ್ತು. ಬಹಳಷ್ಟು ಮಂದಿ ತುಂಬಿದ ಉತ್ತರಕ್ಕೆ ಪುಸ್ತಿಕೆಯಲ್ಲೂ ಗುರುತು ಹಾಕಿಕೊಂಡಿದ್ದರು. ನಮ್ಮ ಕಾಲೇಜುಗಳ ರಾಜ್ಯಶಾಸ್ತ್ರ ಅಧ್ಯಾಪಕರು ಕುಳಿತು ನಾಲ್ಕೂ ವರ್ಷನ್‌ಗಳಿಗೆ ಕೀ ಸಿದ್ಧಪಡಿಸಿಕೊಟ್ಟರು. ಸಿ ಪುಸ್ತಿಕೆಗಳಿಗೆ ಸಿ ಕೀ ಹಾಕಿದಾಗ ಹೆಚ್ಚಿನವರು ಆರಾಮವಾಗಿ ಪಾಸಾಗುತ್ತಾರೆ. ಅದೇ ಪುಸ್ತಿಕೆಗಳಿಗೆ ಎ ಕೀ ಹಾಕಿದಾಗ ಬರುವ ಅಂಕವೂ ವಿಶ್ವವಿದ್ಯಾಲಯ ಪ್ರಕಟಿಸಿದ ಅಂಕವೂ ಬಹುತೇಕರಲ್ಲಿ ಒಂದೇ ಆಗಿದೆ. ಕೆಲವರದ್ದು ಒಂದೆರಡು ಅಂಕ ಆಚೀಚೆ. ಪುಸ್ತಿಕೆಗಳ ನಕಲು, ಅಧ್ಯಾಪಕರ ಸಹಿ ಇರುವ ಕೀ ಮತ್ತು ತಾಳೆಪಟ್ಟಿ ಅನುಬಂಧ 4, 5 ಮತ್ತು 6ರಲ್ಲಿವೆ.

ಗುರುತುಗಳನ್ನು ಮನೆಗೆ ಹೋದ ಮೇಲೆ ಹಾಕಿಕೊಂಡಿರಬಹುದಲ್ಲ ಎಂದು ಅಧಿಕಾರಿಯೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಗುವುದು ಓಎಂಆರ್ ಹಾಳೆಯಲ್ಲಿ. ಹಾಳೆ ತೆರೆದರೆ ನಮ್ಮ ಸುಳ್ಳು ಐದು ನಿಮಿಷದಲ್ಲಿ ಬಯಲಾಗುತ್ತದೆ. ತೆರೆಯಿರಿ ಎನ್ನುತ್ತಿರುವವರು ನಾವು; ಬೇಡ ಎನ್ನುತ್ತಿರುವವರು ತಮ್ಮ ಕಚೇರಿಯವರು.

ವಿದ್ಯಾರ್ಥಿಗಳೇ ವರ್ಷನ್ ಕೋಡ್ ತಪ್ಪಾಗಿ ತುಂಬಿರಬೇಕು ಎಂಬ ಮಾತೂ ಬಂತು. ಕೋಡ್ ತುಂಬದ ಹಾಳೆ ತಿರಸ್ಕೃತವಾಗುತ್ತದೆಂದು ತಮ್ಮದೇ ಸೂಚನೆ ಹೇಳುತ್ತದೆ. ನಮ್ಮ ಹಾಳೆಗಳು ತಿರಸ್ಕೃತವಾಗಿಲ್ಲ, ಅಂಕ ಕೊಡಲಾಗಿದೆ. ಅಂದಮೇಲೆ ಯಂತ್ರ ಯಾವುದೋ ಒಂದು ಕೋಡನ್ನು ಓದಿದೆ. ಸಿ ಬಂದವರೆಲ್ಲರೂ, ಬೇರೆಬೇರೆ ಊರಿನ ಬೇರೆಬೇರೆ ಕೇಂದ್ರಗಳಲ್ಲಿ ಕುಳಿತು, ಮಾತಾಡಿಕೊಂಡಂತೆ ಎ ಎಂದು ತುಂಬಿದರೇ? ಪ್ರತಿ ಹಾಳೆಯ ಮೇಲೂ ಕೊಠಡಿ ಮೇಲ್ವಿಚಾರಕರು ಕೋಡ್ ನೋಡಿ ಸಹಿ ಹಾಕಿದ್ದಾರೆ. ಆ ಸಹಿ ಹಾಕಿದ ಕೆಲವರು ಈ ಮನವಿಗೂ ಸಹಿ ಹಾಕಿದ್ದಾರೆ.

"ಯಂತ್ರ ತಪ್ಪು ಮಾಡುವುದಿಲ್ಲ" ಎಂಬ ಉತ್ತರವನ್ನು ಕೇಳಿ ಸಾಕಾಗಿದೆ. ಸರಿ, ಮಾಡುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಸ್ಕ್ಯಾನರ್ ನೋಡುವುದು ಯಾವ ವೃತ್ತ ಕಪ್ಪಾಗಿದೆ, ಎಷ್ಟು ಕಪ್ಪಾಗಿದೆ ಎಂಬುದನ್ನಷ್ಟೆ. ಹಾಳೆಯ ಅಂಚಿನ ಕಪ್ಪು ಗೆರೆಗಳಿಂದ ಸಾಲು ಗುರುತಿಸಿ, ಇಷ್ಟರ ಮೇಲೆ ಕಪ್ಪಾಗಿದ್ದರೆ ತುಂಬಿದೆ, ಇಲ್ಲದಿದ್ದರೆ ಖಾಲಿ ಎಂದು ದಾಖಲಿಸಿಕೊಳ್ಳುತ್ತದೆ. ಯಾವ ಉತ್ತರ ಸರಿ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಮನುಷ್ಯರು ತಯಾರಿಸಿ, ಮನುಷ್ಯರು ಕಂಪ್ಯೂಟರಿಗೆ ಏರಿಸಿದ ಕೀ ಕಡತ. ಸಿ ಇರಬೇಕಾದಲ್ಲಿ ಎ ಕಡತ ಏರಿಸಿದರೆ ಯಂತ್ರ ಅದನ್ನೂ ಚಾಚೂತಪ್ಪದೆ, ಒಂದು ಹಾಳೆಯನ್ನೂ ಬಿಡದೆ, ಎಲ್ಲರಿಗೂ ಸಮಾನವಾಗಿ ಅನ್ವಯಿಸುತ್ತದೆ. ಆಗಿರುವುದು ಅದೇ. ಮೊದಲ ದಿನ ಯಾರಾದರೂ ಎರಡು ಹಾಳೆಯನ್ನು ಕೈಯಲ್ಲಿ ಹಿಡಿದು ಕೀ ಜೊತೆ ತಾಳೆ ನೋಡಿದ್ದರೆ ಸಾಕಿತ್ತು.

ಮಾಹಿತಿ ಹಕ್ಕು ಅರ್ಜಿಗಳ ಕತೆಯನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇವೆ. ಸ್ಕ್ಯಾನ್ ಮಾಡಿದ ಹಾಳೆಯ ಪ್ರತಿ ಮತ್ತು ಕೀ ಕೊಡಿ ಎಂದು ಕೇಳಿದ ಒಬ್ಬರಿಗೆ, ಹಾಳೆಗಳು ಮೌಲ್ಯಮಾಪನದ ಗುತ್ತಿಗೆ ಏಜೆನ್ಸಿಯ ಬಳಿ ಇವೆ, ನಮ್ಮಲ್ಲಿ ಇಲ್ಲ ಎಂಬ ಉತ್ತರ ಬಂತು. ಅದನ್ನೇ ಕೇಳಿದ ಇನ್ನೊಬ್ಬರಿಗೆ, ಅವು ವಿಶ್ವವಿದ್ಯಾಲಯ ವಿಶ್ವಾಸದ ಸಂಬಂಧದಲ್ಲಿ ಇಟ್ಟುಕೊಂಡಿರುವ ದಾಖಲೆಗಳು, ಆದ್ದರಿಂದ ಸೆಕ್ಷನ್ 8(1)(ಇ) ಪ್ರಕಾರ ಕೊಡಲಾಗದು ಎಂಬ ಉತ್ತರ ಬಂತು (ಅನುಬಂಧ 7). ತಮ್ಮ ಬಳಿ ಇಲ್ಲದ ಹಾಳೆಯನ್ನು ವಿಶ್ವಾಸದಿಂದ ಇಟ್ಟುಕೊಂಡಿರುವುದು ಹೇಗೆ ಎಂಬುದು ನಮಗೆ ಅರ್ಥವಾಗಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಸೆಕ್ಷನ್ 2(ಜೆ), ಪ್ರಾಧಿಕಾರದ ನಿಯಂತ್ರಣದಲ್ಲಿರುವ ದಾಖಲೆಯನ್ನೂ ಒಳಗೊಳ್ಳುತ್ತದೆ. ಏಜೆನ್ಸಿಗೆ ಹಣ ಕೊಡುವವರು ತಾವು, ನಿಯಂತ್ರಣವೂ ತಮ್ಮದೇ. ಇನ್ನು ವಿಶ್ವಾಸದ ವಾದವನ್ನು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದೇ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ತಳ್ಳಿಹಾಕಿದೆ: ಪರೀಕ್ಷೆ ಬರೆದವನಿಗೆ ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕಿದೆ. ಇದು ತಮಗೆ ತಿಳಿಯದ್ದಲ್ಲ. ಸಂವಿಧಾನದ ಪತ್ರಿಕೆಯಲ್ಲಿ ತಾವು ಅನುತ್ತೀರ್ಣಗೊಳಿಸಿದ ವಿದ್ಯಾರ್ಥಿಗಳೇ ಹುಡುಕಿ ತೆಗೆದ ತೀರ್ಪಿದು.

ಬೇರೆಡೆ ಹೇಗಿದೆ ಎಂಬುದೂ ಎಲ್ಲರ ಕಣ್ಣೆದುರಿಗಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಓಎಂಆರ್ ಹಾಳೆಯ ಕೆಳಪ್ರತಿ ಅಭ್ಯರ್ಥಿಯ ಕೈಗೆ ಬರುತ್ತದೆ; ತಾತ್ಕಾಲಿಕ ಕೀ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ನೀಟ್‌ನಲ್ಲಿ ಸ್ಕ್ಯಾನ್ ಮಾಡಿದ ಹಾಳೆಯನ್ನೇ ಅಭ್ಯರ್ಥಿಗೆ ತೋರಿಸುತ್ತಾರೆ. ಕೆಳಪ್ರತಿಯ ಬೆಲೆ ಏನೆಂಬುದನ್ನು ಈ ರಾಜ್ಯ ದುಬಾರಿಯಾಗಿಯೇ ಕಲಿತಿದೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಹೊರಬಿದ್ದದ್ದು ಒಬ್ಬ ಅಭ್ಯರ್ಥಿಯ ಓಎಂಆರ್ ಪ್ರತಿಗೂ ಆತನಿಗೆ ಬಂದ ಅಂಕಕ್ಕೂ ತಾಳೆಯಾಗದ ಕಾರಣ. ಪರೀಕ್ಷೆ ರದ್ದಾಗಿ, ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ ಬಂದಿತ್ತು. ನಮ್ಮ ಪ್ರಕರಣದಲ್ಲಿ ಅಕ್ರಮ ನಡೆದಿದೆ ಎಂದು ನಾವು ಹೇಳುತ್ತಿಲ್ಲ. ಅಜಾಗರೂಕತೆ ನಡೆದಿದೆ ಎನ್ನುತ್ತಿದ್ದೇವೆ. ಮುಚ್ಚಿಟ್ಟಷ್ಟೂ ಜನರಿಗೆ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ.

ಇತ್ತ ಸಂವಿಧಾನದ ಪತ್ರಿಕೆಯೊಂದನ್ನೇ ಬಾಕಿ ಉಳಿಸಿಕೊಂಡಿದ್ದ ಅಂತಿಮ ವರ್ಷದವರ ಪದವಿ ನಿಂತಿದೆ, ಬಿ.ಎಡ್. ಮತ್ತು ಎಂ.ಎ. ಪ್ರವೇಶದ ಬಾಗಿಲು ಅವರಿಗೆ ಮುಚ್ಚುತ್ತಿದೆ. ಅಂಕಪಟ್ಟಿಯಲ್ಲಿ ಅನುತ್ತೀರ್ಣ ಎಂದಿರುವ ಕಾರಣ ವಿದ್ಯಾರ್ಥಿವೇತನ ತಡೆಯಲ್ಪಟ್ಟವರಿದ್ದಾರೆ. ಮರುಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾಗಿದೆ. ತಪ್ಪು ಮಾಡಿದವರಿಗೇ ದಂಡ ಕಟ್ಟಿ ತಪ್ಪನ್ನು ಒಪ್ಪಿಕೊಳ್ಳಿ ಎಂದು ನಮಗೆ ಹೇಳಿದಂತಾಗಿದೆ.

ಆದ್ದರಿಂದ ಸಿ ವರ್ಷನ್‌ನ ಎಲ್ಲ ಹಾಳೆಗಳನ್ನೂ, ಮೂಲ ಸ್ಕ್ಯಾನ್ ಕಡತಗಳನ್ನೂ, ಏಜೆನ್ಸಿಗೆ ಕೊಟ್ಟ ಕೀ ಕಡತಗಳನ್ನೂ ಇಂದಿನಿಂದಲೇ ಮುದ್ರೆ ಹಾಕಿ ಕಾಯ್ದಿರಿಸಬೇಕು. ಪರೀಕ್ಷಾ ಮಂಡಳಿ, ಹೊರ ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬರ ಸಮ್ಮುಖದಲ್ಲಿ ಮೊದಲು ಕೆಲವು ಹಾಳೆಗಳನ್ನು ಕೈಯಿಂದ ತಾಳೆ ನೋಡಬೇಕು. ದೋಷ ಕಂಡರೆ ಎಲ್ಲವನ್ನೂ ಸಿ ಕೀಯಿಂದ ಮತ್ತೆ ಓದಿಸಬೇಕು. ತಿದ್ದಿದ ಅಂಕ ಫಲಿತಾಂಶ ದಾಖಲಿಸುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಏರುವವರೆಗೆ ಮರುಪರೀಕ್ಷೆಯ ಶುಲ್ಕವನ್ನು ನಮ್ಮಿಂದ ಕೇಳಬಾರದು, ಕಟ್ಟಿಬಿಟ್ಟವರಿಗೆ ಹಿಂದಿರುಗಿಸಬೇಕು. ಇನ್ನು ಮುಂದೆ ಎಲ್ಲ ಓಎಂಆರ್ ಪರೀಕ್ಷೆಗಳಿಗೂ ಕೆಳಪ್ರತಿ ಕೊಡಬೇಕು, ಕೀ ಪ್ರಕಟಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು.

2. ದೃಷ್ಟಿ ದೋಷವುಳ್ಳ ವಿದ್ಯಾರ್ಥಿಗಳಿಗೆ ಲಿಪಿಕಾರರ ನೆರವಿನಲ್ಲಿ ಓಎಂಆರ್ ತುಂಬಿಸುವಾಗ ಪ್ರತ್ಯೇಕ ಕೊಠಡಿಯನ್ನೂ, ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಎಲ್ಲ ಕೇಂದ್ರಗಳಲ್ಲೂ ಕೊಡಬೇಕು. ಪ್ರಶ್ನೆ ಓದಿ ಹೇಳುವುದು, ಉತ್ತರ ಕೇಳಿಸಿಕೊಳ್ಳುವುದು, ಸರಿಯಾದ ವೃತ್ತ ಹುಡುಕಿ ತುಂಬುವುದು, ಇಷ್ಟೂ ಆಗಬೇಕು. ಇತರರು ಹಾಳೆ ಕೊಟ್ಟು ಎದ್ದು ಹೋಗುವ ಗದ್ದಲದಲ್ಲಿ ಅದು ಆಗುವುದಿಲ್ಲ.

3. ಕನ್ನಡದಲ್ಲಿ ಪ್ರಶ್ನೆ ತಯಾರಿಸುವವರು ವಿಷಯ ಬಲ್ಲವರಾಗಿರಬೇಕು. ಎಂಟನೇ ಅನುಸೂಚಿಯ ಭಾಷೆಗಳ ಬಗ್ಗೆ ಕೇಳುವ ಪ್ರಶ್ನೆಯಲ್ಲಿ "ಎಂಟನೇ ವೇಳಾಪಟ್ಟಿ" ಎಂದು ಅಚ್ಚಾಗಿತ್ತು. ಕನ್ನಡ ಮಾಧ್ಯಮದವರು ಬಸ್ಸಿನ ಸಮಯ ನೆನೆಸಿಕೊಳ್ಳುವಂತಾಯಿತು.

4. ಹಾಲ್ ಟಿಕೆಟ್‌ನಲ್ಲಿ ಕಪ್ಪು ಪೆನ್ ಎಂದೂ ಹಾಳೆಯಲ್ಲಿ ನೀಲಿ ಅಥವಾ ಕಪ್ಪು ಎಂದೂ ಇರುವ ಗೊಂದಲ ನಿವಾರಿಸುವುದು. ಪ್ರತಿ ಕೊಠಡಿಯಲ್ಲೂ ನಡೆಯುವ ಗಡಿಯಾರ, ತಿರುಗುವ ಫ್ಯಾನ್, ಕುಡಿಯುವ ನೀರು ಒದಗಿಸುವುದು.

5. ಪರೀಕ್ಷಾ ಕೊಠಡಿಗಳಲ್ಲಿ ದುಡಿದ ಅತಿಥಿ ಉಪನ್ಯಾಸಕರಿಗೆ ಬಾಕಿ ಇರುವ ಮೇಲ್ವಿಚಾರಣೆಯ ಸಂಭಾವನೆಯನ್ನು ಈ ಪ್ರಕರಣ ಇತ್ಯರ್ಥವಾಗುವವರೆಗೆ ಕಾಯಿಸದೆ ಬಿಡುಗಡೆ ಮಾಡುವುದು. ಓಎಂಆರ್ ಸಂಬಂಧದ ತರಬೇತಿ ಮತ್ತು ಕೀ ಪರಿಶೀಲನೆಯ ಕೆಲಸಕ್ಕೆ ಈ ಮನವಿಯ ಅನುಬಂಧ 5ರ ಕೀ ಸಿದ್ಧಪಡಿಸಿದ ಅಧ್ಯಾಪಕರನ್ನು ಪರಿಗಣಿಸುವುದು ಸೂಕ್ತವೆಂದು ಭಾವಿಸುತ್ತೇವೆ.

6. ಸಿ ಕೀ ಹಾಕಿದ ಮೇಲೂ ಕೆಲವೇ ಅಂಕಗಳಿಂದ ಅನುತ್ತೀರ್ಣರಾಗಿ ಉಳಿಯುವವರಿಗೆ, ಅವರು ಅನುಭವಿಸಿದ ಮಾನಸಿಕ ಯಾತನೆಯನ್ನು ಪರಿಗಣಿಸಿ, ಮಾನವೀಯ ನೆಲೆಯಲ್ಲಿ ಕೃಪಾಂಕ ನೀಡುವುದು. ಈ ಮನವಿಯ ಸಹ ಸಂಚಾಲಕರೂ ಕಬಡ್ಡಿ ಆಟಗಾರರೂ ಆಗಿರುವ ಕೆಲವರ ಹಾಜರಾತಿ ಕೊರತೆಯನ್ನು ಇದೇ ಸಂದರ್ಭದಲ್ಲಿ ಮನ್ನಿಸುವುದು. ಹೋಬಳಿ ಕೇಂದ್ರದ ನಮ್ಮ ಸರ್ಕಾರಿ ಕಾಲೇಜಿಗೆ ಪರೀಕ್ಷಾ ಕೇಂದ್ರ ಮಂಜೂರು ಮಾಡುವುದು, ಕಟ್ಟಡ ಸಿದ್ಧವಿದೆ.

ಮಾನ್ಯರೇ, ಎರಡರಿಂದ ಆರರವರೆಗಿನ ಬೇಡಿಕೆಗಳಿಗೆ ಸಮಯ ಹಿಡಿಯಬಹುದು, ಕಾಯುತ್ತೇವೆ. ಮೊದಲನೆಯದಕ್ಕೆ ಕಾಯಲಾರೆವು, ಹಾಳೆಗಳು ರದ್ದಿಗೆ ಹೋದ ಮೇಲೆ ಯಾವ ಸಮಿತಿ ರಚಿಸಿದರೂ ನೋಡಲು ಏನೂ ಉಳಿದಿರುವುದಿಲ್ಲ. ಈ ಮನವಿ ತಲುಪಿದ 7 ದಿನಗಳೊಳಗೆ ವಿಲೇವಾರಿಗೆ ತಡೆ ನೀಡಿದ ಆದೇಶದ ಪ್ರತಿಯನ್ನು ನಮಗೆ ಕೊಡಿಸಬೇಕೆಂದು ಕೋರುತ್ತೇವೆ. ತಪ್ಪಿದಲ್ಲಿ ಆಡಳಿತ ಸೌಧದ ಮುಂದೆ ಶಾಂತಿಯುತ ಧರಣಿ ಕೂರುತ್ತೇವೆ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೂ ಹೋಗುತ್ತೇವೆ. ಆ ವಿಧಿಯ ಬಗ್ಗೆ ಪತ್ರಿಕೆಯಲ್ಲಿ ಒಂದು ಪ್ರಶ್ನೆಯಿತ್ತು. ಸಿ ವರ್ಷನ್‌ನವರು ಅದಕ್ಕೆ ಸರಿಯುತ್ತರವನ್ನೇ ತುಂಬಿದ್ದಾರೆ.



ತಮ್ಮ ವಿಶ್ವಾಸಿಗಳು
(ಸಹಿ ಮಾಡಿದ ವಿದ್ಯಾರ್ಥಿಗಳು, ಪೋಷಕರು ಮತ್ತು ಅತಿಥಿ ಉಪನ್ಯಾಸಕರು)

ಪ್ರತಿ: ಕುಲಾಧಿಪತಿಗಳಾದ ಮಾನ್ಯ ರಾಜ್ಯಪಾಲರ ಕಚೇರಿಗೆ, ಉನ್ನತ ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿಯವರಿಗೆ, ಮೌಲ್ಯಮಾಪನ ಕುಲಸಚಿವರಿಗೆ, ಈ ಬಾರಿಯಾದರೂ ಒಂದು ಸಾಲಿಗಿಂತ ದೀರ್ಘವಾದ ಉತ್ತರ ಕೋರಿ.