ಡೀಸೆಲ್ ಸುಂಕದಲ್ಲಿ ಹಳ್ಳಿ ರಸ್ತೆಯ ಪಾಲು



ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ ತಾವು ಬಂಕಿನಲ್ಲಿ ಕೊಡುವ ಹಣ ಬರೀ ಎಣ್ಣೆಯ ಬೆಲೆಯಲ್ಲ. ಅದರಲ್ಲಿ ಕೇಂದ್ರದ ಅಬಕಾರಿ ಸುಂಕ ಸೇರಿದೆ, ರಾಜ್ಯದ ಮಾರಾಟ ತೆರಿಗೆ ಸೇರಿದೆ. ಇವೆರಡರ ಜೊತೆಗೆ ರಸ್ತೆಯ ಹೆಸರಿನಲ್ಲಿಯೇ ವಸೂಲಾಗುವ ಸೆಸ್ ಒಂದಿದೆ. ಲಾರಿಗೆ ಹಾಕಿದ ಡೀಸೆಲ್ ರಸ್ತೆಯ ಮೇಲೆ ಉರಿಯುತ್ತದೆ. ಉಳುವ ಟ್ರ್ಯಾಕ್ಟರಿನ, ಪವರ್ ಟಿಲ್ಲರಿನ, ಪಂಪ್‌ಸೆಟ್ಟಿನ ಡೀಸೆಲ್ ಹೊಲದಲ್ಲಿಯೇ ಉರಿಯುತ್ತದೆ. ಸೆಸ್ ಮಾತ್ರ ಎರಡಕ್ಕೂ ಒಂದೇ.

ಒಂದು ಸಣ್ಣ ಲೆಕ್ಕ ಮಾಡೋಣ. ಉಳುಮೆಯ ಟ್ರ್ಯಾಕ್ಟರಿಗೆ ಗಂಟೆಗೆ 4 ಲೀಟರ್ ಬೇಕೆಂದು ಇಟ್ಟುಕೊಳ್ಳಿ. ದಿನಕ್ಕೆ 6 ಗಂಟೆ ಉತ್ತರೆ 24 ಲೀಟರ್. 2018ರಲ್ಲಿ ಈ ಸೆಸ್ ಲೀಟರಿಗೆ 8 ರೂಪಾಯಿ ಇತ್ತು. ಆ ದರದಲ್ಲಿ ಒಂದು ದಿನದ ಉಳುಮೆಗೆ 192 ರೂಪಾಯಿ ರಸ್ತೆಯ ಲೆಕ್ಕಕ್ಕೆ ಹೋಯಿತು. 2020ರ ಮೇ ತಿಂಗಳಲ್ಲಿ ಅದು 18 ರೂಪಾಯಿಗೆ ಏರಿ, 2021 ಮತ್ತು 2022ರಲ್ಲಿ ಇಳಿಯಿತು. ಸ್ವಂತ ಟ್ರ್ಯಾಕ್ಟರ್ ಇಲ್ಲದವರೂ ಇದರಿಂದ ಹೊರಗಿಲ್ಲ. ಬಾಡಿಗೆಯವನು ಗಂಟೆಯ ದರದಲ್ಲಿ ಅದನ್ನು ಸೇರಿಸಿಯೇ ಕೇಳುತ್ತಾನೆ.

ಎಣ್ಣೆಯ ಮೇಲೆ ಸುಂಕ ಹಾಕಿ ರಸ್ತೆ ಮಾಡುವ ಪದ್ಧತಿ ಇಂದಿನದಲ್ಲ. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯು ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚಿನ ಸುಂಕ ವಿಧಿಸಿ ಆ ಹಣವನ್ನು ರಸ್ತೆಗೆ ಮೀಸಲಿಡಬೇಕೆಂದು ಸಲಹೆ ಮಾಡಿತು. 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. 2000ದಲ್ಲಿ ಅದಕ್ಕೊಂದು ಕಾಯಿದೆಯೇ ಆಯಿತು. ಡೀಸೆಲ್ ಸೆಸ್ಸಿನ ಅರ್ಧ ಭಾಗ ಹಳ್ಳಿಯ ರಸ್ತೆಗೆ ಎಂದು ಆ ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದೇ ವರ್ಷದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಗೆ ಈ ಹಣವೇ ಮೂಲ ಬಂಡವಾಳ. ಬಯಲುಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿದ್ದೂ ಸರ್ವಋತು ರಸ್ತೆ ಇಲ್ಲದ ಊರುಗಳನ್ನು ಈ ಯೋಜನೆ ಲೆಕ್ಕಕ್ಕೆ ತೆಗೆದುಕೊಂಡಿತು.

2018ರಲ್ಲಿ ಕಾಯಿದೆ ಬದಲಾಯಿತು. ನಿಧಿಯ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದಾಯಿತು. ರಸ್ತೆಯ ಜೊತೆಗೆ ಬೇರೆ ಮೂಲಸೌಕರ್ಯಗಳೂ ಅದರ ಪಾಲುದಾರರಾದವು. ಡೀಸೆಲ್ಲಿನ ಅರ್ಧ ಪಾಲು ಹಳ್ಳಿಗೆ ಎಂಬ ಮಾತು ಹೋಯಿತು. ಯಾವುದಕ್ಕೆ ಎಷ್ಟು ಎಂಬುದನ್ನು ಈಗ ಕೇಂದ್ರ ಹಣಕಾಸು ಸಚಿವರ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ. ಹಳ್ಳಿ ರಸ್ತೆಗೆ ಹಣ ಬರುವುದೇ ನಿಂತಿತು ಎಂದು ಇದರ ಅರ್ಥವಲ್ಲ. ಆದರೆ ಹಕ್ಕಿನ ಪಾಲು ಹೋಗಿ, ಕೊಟ್ಟಷ್ಟು ಪಾಲು ಎಂದಾಯಿತು. ಭಾಗಪತ್ರ ಇರುವ ಆಸ್ತಿಗೂ ಬಾಯಿಮಾತಿನ ಆಸ್ತಿಗೂ ಇರುವ ವ್ಯತ್ಯಾಸವನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಲದ ಡೀಸೆಲ್ಲಿಗೆ ಈ ಸುಂಕವೇ ಬೇಡ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಕೃಷಿಗೆ ಮಾರುವ ಡೀಸೆಲ್ಲಿಗೆ ಕೆಂಪು ಬಣ್ಣ ಬೆರೆಸುತ್ತಾರೆ. ಅದಕ್ಕೆ ಅಲ್ಲಿನ ಹೆದ್ದಾರಿ ಸುಂಕವಿಲ್ಲ. ಬ್ರಿಟನ್ನಿನಲ್ಲಿಯೂ ಕೃಷಿಯ ಕೆಂಪು ಡೀಸೆಲ್ಲಿಗೆ ಸುಂಕ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮಲ್ಲಿ ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದರೂ ಅದು ಲಾರಿಯ ಟ್ಯಾಂಕಿಗೆ ಸೇರುವುದು ತಪ್ಪಲಿಲ್ಲ. ಕೆಂಪು ಡೀಸೆಲ್ ಬಂದರೆ ಲಾಭ ಕಲಬೆರಕೆಯವನಿಗೆ, ಅಲೆದಾಟ ರೈತನಿಗೆ. ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ರೈತ ಸುಂಕ ಕೊಡಲಿ, ಆದರೆ ಡೀಸೆಲ್ ಸೆಸ್ಸಿನ ಅರ್ಧ ಪಾಲು ಹಳ್ಳಿ ರಸ್ತೆಗೆ ಎಂಬ ಮಾತು ಮತ್ತೆ ಕಾಯಿದೆಯೊಳಗೆ ಬರಲಿ.

ರಾಜ್ಯಕ್ಕೂ ಈ ಮಾತು ಅನ್ವಯಿಸುತ್ತದೆ. ನಾವು ರೋಡ್ ಟ್ಯಾಕ್ಸ್ ಎಂದು ಕರೆಯುವುದು ಕಾಯಿದೆಯ ಪ್ರಕಾರ ಮೋಟಾರು ವಾಹನ ತೆರಿಗೆ. ಅದು ಸೇರುವುದು ರಾಜ್ಯದ ಸಾಮಾನ್ಯ ಖಜಾನೆಗೆ. ಕರ್ನಾಟಕದಲ್ಲಿ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇಕಡ 14.3ರಿಂದ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಇದರಲ್ಲಿ ಒಂದು ಗೊತ್ತಾದ ಪಾಲು ಹಳ್ಳಿ ರಸ್ತೆಯ ದುರಸ್ತಿಗೆ ಮೀಸಲಾದರೆ ಎಷ್ಟೋ ಊರುಗಳ ಕಷ್ಟ ತಪ್ಪುತ್ತದೆ. ಏಕೆಂದರೆ ಸಡಕ್ ಯೋಜನೆಯ ರಸ್ತೆಯನ್ನು ಮೊದಲ 5 ವರ್ಷ ನೋಡಿಕೊಳ್ಳುವುದು ಗುತ್ತಿಗೆದಾರನ ಹೊಣೆ. ಆ ಮೇಲೆ ಹೊಣೆ ರಾಜ್ಯದ್ದು. ರಸ್ತೆ ಹಾಳಾಗುವುದು ಆಗಲೇ. ಗುಂಡಿಯ ದಾರಿಯಲ್ಲಿ ಹೋದ ಟೊಮೇಟೊ ಮಾರುಕಟ್ಟೆ ಮುಟ್ಟುವಾಗ ಕ್ರೇಟಿನ ತಳದಲ್ಲಿ ರಸವಾಗಿರುತ್ತದೆ. ಹಾಲಿನ ವಾಹನ ತಡವಾದರೆ ಹಾಲು ಒಡೆಯುತ್ತದೆ. ಕಬ್ಬಿನ ಗಾಡಿ ಹೂತರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಈ ನಷ್ಟವೂ ಒಂದು ತೆರಿಗೆಯೇ. ಅದಕ್ಕೆ ರಸೀತಿ ಇಲ್ಲ, ಅಷ್ಟೆ.

ಹಕ್ಕು ಕೇಳುವವರಿಗೆ ಕರ್ತವ್ಯವೂ ಉಂಟು. ಕೇಜ್ ವೀಲ್ ಬಿಚ್ಚದೆ ಡಾಂಬರು ರಸ್ತೆಯ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ. ಹೊಲಕ್ಕೆ ದಾರಿ ಮಾಡಲು ಪಕ್ಕದ ಚರಂಡಿಗೆ ಮಣ್ಣು ತುಂಬಬೇಡಿ. ಸಿಮೆಂಟ್ ಪೈಪು ಹಾಕಿ ಮೇಲೆ ಮಣ್ಣು ಎಳೆಯಿರಿ. ಡಾಂಬರಿಗೆ ನಿಂತ ನೀರಿನಷ್ಟು ಕೆಟ್ಟ ಶತ್ರು ಬೇರೊಂದಿಲ್ಲ. ರಾಗಿ, ಹುರುಳಿಯನ್ನು ರಸ್ತೆಗೆ ಹರವಿ ಒಕ್ಕುವುದನ್ನೂ ಬಿಡಿ. ಕಾಳಿನೊಡನೆ ಕಲ್ಲು ಸೇರಿ ಬೆಲೆ ಇಳಿಯುವುದಲ್ಲದೆ, ರಾತ್ರಿ ಬರುವ ಬೈಕಿನವನ ಪ್ರಾಣಕ್ಕೂ ಅಪಾಯ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. 6 ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕೆಂಬುದು ಕಾಯಿದೆ. ಹೋಗುವ ಮೊದಲು ತಮ್ಮೂರ ಸಡಕ್ ಯೋಜನೆಯ ರಸ್ತೆಯ ಪಕ್ಕದ ಫಲಕ ಓದಿ, ಕೆಲಸ ಮುಗಿದ ದಿನ ಮತ್ತು ಗುತ್ತಿಗೆದಾರನ ಹೆಸರು ಬರೆದುಕೊಳ್ಳಿ. 5 ವರ್ಷ ತುಂಬಿಲ್ಲವಾದರೆ ದುರಸ್ತಿ ಯಾಕಾಗಿಲ್ಲ ಎಂದು ಕೇಳಿ. ತುಂಬಿದ್ದರೆ ಈ ವರ್ಷ ದುರಸ್ತಿಗೆ ಎಷ್ಟು ಹಣ ಇಟ್ಟಿದ್ದಾರೆ ಎಂದು ಕೇಳಿ. ವೋಟು ಕೇಳಲು ಬರುವವರ ಮುಂದೆ ಡೀಸೆಲ್ ಸೆಸ್ಸಿನ ಪಾಲಿನ ಮಾತೆತ್ತಿ. ಹಣ ಕೊಟ್ಟವರು ಲೆಕ್ಕ ಕೇಳುವುದು ಜಗಳವಲ್ಲ, ವ್ಯವಹಾರ.