ಮನದ ಕಾಯಿಲೆಗೆ ಮಾತ್ರೆ: ಈಮಾನಿನ ಕೊರತೆಯೇ?

ಮನೆಯವರಿಗೆ ಸಕ್ಕರೆ ಕಾಯಿಲೆ ಬಂದರೆ ನಾವು ದುಆವನ್ನೂ ಮಾಡುತ್ತೇವೆ, ಮಾತ್ರೆಯನ್ನೂ ಕೊಡುತ್ತೇವೆ. ಆದರೆ ಅದೇ ವ್ಯಕ್ತಿ ವಾರಗಟ್ಟಲೆ ಹಾಸಿಗೆ ಬಿಟ್ಟೇಳದೆ, ನಮಾಝಿಗೂ ನಿಲ್ಲಲಾರದೆ ಕುಸಿದರೆ, ‘ಈಮಾನ್ ದುರ್ಬಲವಾಗಿದೆ’, ‘ಯಾರೋ ಮಾಟ ಮಾಡಿಸಿದ್ದಾರೆ’ ಎಂಬ ತೀರ್ಪು ನೀಡುತ್ತೇವೆ. ವೈದ್ಯರ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ.

ಅಲ್ಲಾಹನು ರೋಗದ ಜೊತೆಗೆ ಅದರ ಶಮನವನ್ನೂ ಇಳಿಸಿದ್ದಾನೆ ಎಂಬುದು ಪ್ರವಾದಿ(ಸ)ರ ಬೋಧನೆ. ಅದರಲ್ಲಿ ದೇಹದ ರೋಗ, ಮನದ ರೋಗವೆಂಬ ಭೇದವಿಲ್ಲ. ಹಿಜರಿ 322ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖೀ ದುಃಖವನ್ನು ಎರಡಾಗಿ ವಿಂಗಡಿಸಿದ್ದರು. ಒಂದು, ಕಾರಣ ತಿಳಿದಿರುವ ದುಃಖ. ಇನ್ನೊಂದು, ಕಾರಣವೇ ಕಾಣದೆ ದೇಹದ ಏರುಪೇರಿನಿಂದ ಹುಟ್ಟುವ ದುಃಖ. ಎರಡನೆಯದಕ್ಕೆ ದೇಹಕ್ಕೇ ಚಿಕಿತ್ಸೆ ಬೇಕೆಂದು ಅವರು ಅಂದೇ ಬರೆದರು.

ಬೈಪೋಲಾರ್ ಕಾಯಿಲೆಯಲ್ಲಿ ಖಿನ್ನತೆಯೊಂದೇ ಇರುವುದಿಲ್ಲ. ನಿದ್ದೆಯ ಅಗತ್ಯವೇ ಇಲ್ಲದಂತಹ ಉತ್ಸಾಹ, ಮಿತಿಮೀರಿದ ಮಾತು, ದುಂದುವೆಚ್ಚಗಳ ಕಾಲವೂ ಬಂದು ಹೋಗಿರುತ್ತದೆ. ವೈದ್ಯರಿಗೆ ಇದನ್ನು ತಿಳಿಸಲೇಬೇಕು. ಏಕೆಂದರೆ ಸಾಮಾನ್ಯ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ರೋಗಿ ಉನ್ಮಾದಕ್ಕೆ ಜಾರುವ ಅಪಾಯವಿದೆ. ಉನ್ಮಾದಕ್ಕೆ ಲಿಥಿಯಂ ಪರಿಣಾಮಕಾರಿ ಎಂಬುದು 1949ರಲ್ಲಿ ಬೆಳಕಿಗೆ ಬಂತು. ಮನಸ್ಥಿತಿಯನ್ನು ಸಮತೋಲನದಲ್ಲಿಡಲು ಇಂದಿಗೂ ಅದನ್ನೂ ಇತರ ಔಷಧಿಗಳನ್ನೂ ಬಳಸುತ್ತಾರೆ. ಇವುಗಳ ಜೊತೆಗೆ ಮನೋಚಿಕಿತ್ಸೆಯೂ ಬೇಕು. ನಿದ್ದೆಯ ಶಿಸ್ತು, ಮರುಕಳಿಕೆಯ ಮುನ್ಸೂಚನೆಗಳನ್ನು ಗುರುತಿಸುವ ಬಗೆ, ಮನೆಯವರು ನಡೆದುಕೊಳ್ಳಬೇಕಾದ ರೀತಿಯನ್ನು ಅದು ಕಲಿಸುತ್ತದೆ. ಆದರೆ ಅದು ಔಷಧಿಗೆ ಪರ್ಯಾಯವಲ್ಲ.

ದೊಡ್ಡ ಅಪಾಯ ಎದುರಾಗುವುದು ರೋಗಿ ಚೇತರಿಸಿಕೊಂಡಾಗ. ‘ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?’ ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ಕಾಯಿಲೆ ಮರಳುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ಕಸಿಯುತ್ತದೆ. ರಮಝಾನಿನಲ್ಲಿ ಇನ್ನಷ್ಟು ಎಚ್ಚರ ಬೇಕು. ದೇಹದಲ್ಲಿ ನೀರಿನಂಶ ಕುಗ್ಗಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೇರಬಹುದು. ಸಹರಿಗಾಗಿ ನಿದ್ದೆಗೆಡುವುದೂ ಉನ್ಮಾದವನ್ನು ಕೆರಳಿಸಬಹುದು. ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂಬುದನ್ನು ತಿಂಗಳು ಆರಂಭವಾಗುವ ಮೊದಲೇ ವೈದ್ಯರಲ್ಲಿ ಕೇಳಬೇಕು, ವಿದ್ವಾಂಸರ ಸಲಹೆಯನ್ನೂ ಪಡೆಯಬೇಕು. ರೋಗಿಗಳಿಗೆ ಉಪವಾಸದಲ್ಲಿ ರಿಯಾಯಿತಿ ನೀಡಿರುವುದು ಸ್ವತಃ ಕುರ್‌ಆನ್ (2:185). ಅಲ್ಲಾಹನು ಕೊಟ್ಟ ಸೌಲಭ್ಯವನ್ನು ಬಳಸಿಕೊಳ್ಳುವವನನ್ನು ಹಂಗಿಸಲು ನಾವಾರು?

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವುದೇ ತವಕ್ಕುಲ್ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಈ ಪಾಠ ಮನೋರೋಗಕ್ಕೂ ಅನ್ವಯಿಸುತ್ತದೆಂದು ಖತೀಬರು ಜುಮಾ ಖುತ್ಬಾದಲ್ಲಿ ಒಮ್ಮೆ ಹೇಳಿದರೂ ಎಷ್ಟೋ ಕುಟುಂಬಗಳ ಸಂಕೋಚ ಕರಗೀತು. ಎಲ್ಲಿಂದ ಆರಂಭಿಸಬೇಕೆಂದು ತೋಚದವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಮ್ಮ ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ಅವರ ಕೈಹಿಡಿಯುವ ವಿವೇಕವನ್ನು ನಮಗೆ ಕರುಣಿಸಲಿ. ಆಮೀನ್.